ಕುರಿ ಕಾಯುವವರಿಗೆ ಕುರಿಯ ಕಥೆ

ಫ್ರೆಂಡ್ಸ್, ಇವತ್ತು ಚೆಂಬೂರಿನಲ್ಲಿ ಮೊದಲ ಸಲ ಸುವಾರ್ತೆ ಸಾರಿದೆ. ಬಿಲ್ಡಿಂಗ್ ಕೆಲಸಕ್ಕೆ ಬಂದಿರುವ ವಿಜಾಪುರದ ಕಡೆಯವರ ಗುಡಿಸಲುಗಳ ಮುಂದೆ ನಿಂತು, ಬೈಬಲ್ ಕಾಲೇಜಿನ ಹಾಸ್ಟೆಲಿನಲ್ಲಿ ಬಾಯಿಪಾಠ ಮಾಡಿದ್ದ ಕಥೆ ಶುರು ಮಾಡಿದೆ: ಕಳೆದುಹೋದ ಒಂದು ಕುರಿಗಾಗಿ ಕುರುಬ ಉಳಿದ ತೊಂಬತ್ತೊಂಬತ್ತನ್ನೂ ಬಿಟ್ಟು ಹುಡುಕಲು ಹೋದ.

"ತಡಿ ತಮ್ಮಾ," ಎಂದಳು ಮುಂದೆ ಕೂತಿದ್ದ ಅಜ್ಜಿ. ಊರಿನಲ್ಲಿ ಅವರದು ಕುರಿ ಕಾಯುವ ಮನೆತನವಂತೆ. "ಉಳಿದವನ್ನ ಯಾರ ಕೈಯಾಗ ಬಿಟ್ಟ ಹ್ವಾದ? ನಾಯಿ ಇತ್ತೇನ?"

"ಐ ಥಿಂಕ್... ಇತ್ತು," ಎಂದೆ. ಬೈಬಲಿನ ಆ ಕಥೆಯಲ್ಲಿ ನಾಯಿಯೇ ಇಲ್ಲ.

"ಅಷ್ಟ ಕುರಿಗೆ ಒಂದ ನಾಯಿ ಸಾಲೂದಿಲ್ಲಪಾ," ಎಂದ ಅವಳ ಮಗ. ಎಲ್ಲರೂ ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. "ಒಂದರ ಸಲುವಾಗಿ ಹ್ವಾದಾ ಅಂದ್ರ ಅಂವ ಖರೇ ಕುರುಬ ಬಿಡ. ಸಿಕ್ತೋ ಇಲ್ಲೋ?"

"ಸಿಕ್ತು. ಹೆಗಲ ಮೇಲೆ ಹೊತ್ತುಕೊಂಡು ಬಂದ."

"ಹಂಗ ತರಬೇಕ." ಆಮೇಲೆ ಚಹಾ ಕೊಟ್ಟು ಹೇಳಿದಳು: "ಮುಂದಿನ ಐತಾರ ಮೀನಿಂದ ಕಥಿ ಇದ್ರ ಹೇಳ. ಮೀನ ನಮಗ ಗೊತ್ತಿಲ್ಲ, ನೀ ಹೇಳಿದ್ದ ಖರೇ."

ನಾನು ಮೀನು ನೋಡಿರುವುದು ಮೆಸ್ಸಿನ ತಟ್ಟೆಯಲ್ಲಿ ಮಾತ್ರ. ಮೀನಿನ ವಿಷಯ ಬಲ್ಲ ಮಂಗಳೂರಿನ ಗೆಳೆಯರು ಆ ಭಾನುವಾರ ದಯವಿಟ್ಟು ಚೆಂಬೂರಿನ ಕಡೆ ಬರಬೇಡಿ.