ಬೂಟಿಗೆ ಎಡೆ ಇಕ್ಕಿದ ಸಾಕಮ್ಮ

ಅಂತರಸಂತೆ ದಾಟಿ ಕಾಕನಕೋಟೆ ಕಡೆಗೆ ಹೋಗುವಾಗ ಸಾಕಮ್ಮನ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ, "ಯಾರು, ಸಿಟ್ಟಿನ ಸಾಕಮ್ಮಾನಾ?" ಎಂದು ನಗುತ್ತಾರೆ. ಡೇರಿಯಲ್ಲಿ ಹಾಲಿನ ಫ್ಯಾಟ್ ಕಡಿಮೆ ತೋರಿಸಿದರೆ ಸಾಕಮ್ಮಜ್ಜಿ ಮೆಷಿನ್ನಿಗೇ ಬೈಯುತ್ತಾರೆ. ಬಾಳೆ ತೋಟಕ್ಕೆ ಆನೆ ನುಗ್ಗಿದರೆ, ಫಾರೆಸ್ಟಿನವರು ಬರುವಷ್ಟರಲ್ಲಿ ಆನೆಗೂ ಬೈದು ಮುಗಿಸಿರುತ್ತಾರೆ. ಆದರೆ ಅವೆಲ್ಲ ಚಿಲ್ಲರೆ ಸಿಟ್ಟು. ಅವರ ಜನ್ಮದ ದೊಡ್ಡ ಸಿಟ್ಟನ್ನು ಎಬ್ಬಿಸಿದ್ದು ನಾನು ಮತ್ತು ನನ್ನ ಕ್ಲಾಸ್‌ಮೇಟ್ ಶಾಹಿಸ್ತಾ. ಅದೂ ಒಂದು ಬನ್ನಿನಿಂದ!

ಮೈಸೂರಿನಲ್ಲಿ ನಾವಿಬ್ಬರೂ ಬಿ.ಎ. ಹಿಸ್ಟರಿ. ಎರಡನೇ ಮಹಾಯುದ್ಧ ನಿಮ್ಮ ನಿಮ್ಮ ಊರನ್ನು ಎಲ್ಲಾದರೂ ಮುಟ್ಟಿದೆಯಾ ಹುಡುಕಿ ಬನ್ನಿ ಎಂದು ಮೇಡಂ ಪ್ರಾಜೆಕ್ಟ್ ಕೊಟ್ಟರು. ಶಾಹಿಸ್ತಾ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ, "ನಮ್ ತಾತನ ಬೇಕರೀಲಿ ದೊರೆ ಬನ್ ಅಂತ ಒಂದಿದೆ ಕಣೇ" ಎಂದಳು. ಎಚ್.ಡಿ. ಕೋಟೆಯಲ್ಲಿ ಅವಳ ತಾತ ಹಬೀಬ್ ಸಾಬರದು ಹಳೇ ಬೇಕರಿ. ವರ್ಷಕ್ಕೆ ಒಂದೇ ಒಂದು ದಿನ, ಪಿತೃಪಕ್ಷದ ಮಾರ್ಲಾಮಿ ಹಬ್ಬದ ಬೆಳಿಗ್ಗೆ, ತಟ್ಟೆಯಷ್ಟು ಅಗಲದ ಒಂದೇ ಒಂದು ಹಾಲಿನ ಬನ್ನು ಅಲ್ಲಿ ಬೇಯುತ್ತದೆ. ಅದನ್ನು ಒಯ್ಯುವುದು ಒಂದೇ ಮನೆಯವರು. ತಿನ್ನುವುದು ಸತ್ತುಹೋದ ಒಬ್ಬ ಬಿಳಿ ದೊರೆ.

ಮಾರನೇ ಭಾನುವಾರವೇ ನಾವು ಆ ಮನೆಯ ಜಗಲಿಯ ಮೇಲಿದ್ದೆವು.

ಸಾಕಮ್ಮಜ್ಜಿಯ ಯಜಮಾನರು ನಂಜುಂಡಸ್ವಾಮಿ ತಾತ ಎದೆಯುಬ್ಬಿಸಿಕೊಂಡು ಕಥೆ ಹೇಳಿದರು. ತಾತ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಯುದ್ಧದ ವಿಮಾನವೊಂದು ಉರಿಯುತ್ತಾ ಬಂದು ಅವರ ರಾಗಿ ಹೊಲಕ್ಕೆ ಬಿತ್ತು. ತಾತನ ಅಪ್ಪ ಬೆಟ್ಟೇಗೌಡರು ಓಡಿಹೋಗಿ ನೋಡಿದರೆ ಬೆಂಕಿ ಬಿಟ್ಟು ಬೇರೇನಿಲ್ಲ. ಕಾಡಂಚಿನಲ್ಲಿ ಒಂದು ಬೂಟು ಸಿಕ್ಕಿತು. ಮಿಕ್ಕವನು ಬೆಂದುಹೋದ ಎಂದುಕೊಂಡು ಆ ಬೂಟನ್ನೇ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದರು. ನಮ್ಮ ನೆಲದಲ್ಲಿ ಸತ್ತವನು ಹಸಿದಿರಬಾರದು, ಹಸಿದರೆ ಕೊಟ್ಟಿಗೆಯ ದನ ಉಳಿಯುವುದಿಲ್ಲ ಎಂದು ಆ ವರ್ಷದಿಂದಲೇ ಎಡೆ ಶುರುವಾಯಿತು. ಮಾರ್ಲಾಮಿಯ ದಿನ ಮನೆಯ ಹಿರಿಯರ ಹೆಸರಿನಲ್ಲಿ ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರಲ್ಲ, ಆ ಸಾಲಿನ ಕೊನೆಯ ಎಲೆ ದೊರೆಯದು. ದೊರೆಗೆ ಮುದ್ದೆ ಸೇರುತ್ತೋ ಇಲ್ಲವೋ ಎಂದು ಬನ್ನು. ಫೋಟೋ ಇಲ್ಲದ ಕಾರಣ, ವಿಮಾನದ ಎಂಜಿನ್ನಿನಿಂದ ಕಿತ್ತಿಟ್ಟುಕೊಂಡಿದ್ದ ಬೆರಳುದ್ದದ ಹಿತ್ತಾಳೆ ತಗಡಿಗೇ ಕುಂಕುಮ.

ಆ ತಗಡನ್ನು ತಾತ ದೇವರ ಗೂಡಿನಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು. ಕುಂಕುಮ ಒರೆಸಿದೆ. ಅದರ ಕೆಳಗೆ ಎಂಜಿನ್ ನಂಬರ್!

ಯುದ್ಧಕಾಲದ ಒಂದೊಂದು ಫೈಟರ್ ವಿಮಾನಕ್ಕೂ ಒಂದೊಂದು ಕಾರ್ಡ್ ಇತ್ತು ಎಂಬುದು ನಮಗೆ ಆಗಲೇ ಗೊತ್ತಾದದ್ದು. ಯಾವ ಫ್ಯಾಕ್ಟರಿಯಲ್ಲಿ ಹುಟ್ಟಿತು, ಯಾವ ಹಡಗು ಹತ್ತಿತು, ಯಾವ ಸ್ಕ್ವಾಡ್ರನ್ ಸೇರಿತು, ಕೊನೆಗೆ ಏನಾಯಿತು, ಎಲ್ಲ ಅದರಲ್ಲಿ. ಥೇಟ್ ಜಾತಕ. ಒಂದು ಸಮುದ್ರಕ್ಕೆ ಬಿದ್ದಿದೆ, ಇನ್ನೊಂದನ್ನು ಯುದ್ಧ ಮುಗಿದ ಮೇಲೆ ಗುಜರಿಗೆ ಹಾಕಿದ್ದಾರೆ, ಮತ್ತೊಂದು ರನ್‌ವೇ ಬಿಟ್ಟು ಕೆರೆಗೆ ಇಳಿದಿದೆ. ಹಾಸ್ಟೆಲಿನ ವೈಫೈ ಸತಾಯಿಸಿದರೆ ಕ್ಯಾಂಟೀನಿನಲ್ಲಿ, ಅಲ್ಲೂ ಕೈಕೊಟ್ಟರೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಆ ಕಾರ್ಡ್‌ಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ನೋಡಿದೆವು. ಲಂಡನ್ನಿನ ದಾಖಲೆ ಸಂಗ್ರಹಕ್ಕೆ ಮೇಲ್ ಮೇಲೆ ಮೇಲ್ ಕಳಿಸಿದೆವು. ಕೊನೆಗೆ ಒಂದು ಅಪಘಾತ ವರದಿಯ ಸ್ಕ್ಯಾನ್ ಬಂತು. ಅದೇ ಎಂಜಿನ್ ನಂಬರ್. ಹರಿಕೇನ್ ವಿಮಾನ. ಜಾಗ: ಕಾಕನಕೋಟೆ ಕಾಡಿನ ಅಂಚು. ಪೈಲಟ್: ಹೆರಾಲ್ಡ್ ಪಿಮ್. ಅವನ ಹೆಸರಿನ ಮುಂದೆ, ಸುರಕ್ಷಿತ!

ಖುಷಿಯಲ್ಲಿ ನಾವು ಮೊದಲ ಬಸ್ಸಿಗೇ ಹೊರಟೆವು. ಸಾಕಮ್ಮಜ್ಜಿ ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದರು.

"ಅಜ್ಜಿ, ಒಳ್ಳೇ ಸುದ್ದಿ! ನಿಮ್ ದೊರೆ ಅವತ್ತು ಸತ್ತೇ ಇಲ್ಲ!"

ಮೊರ ನಿಂತಿತು. "ಏನಂದೆ?"

"ಪ್ಯಾರಾಚೂಟ್‌ನಲ್ಲಿ ಹಾರ್ಕೊಂಡಿದ್ದಾನೆ ಅಜ್ಜಿ. ಗಾಳಿ ಹೊಳೆ ಆಚೆ ತಗೊಂಡೋಗಿದೆ. ಮಾನಂದವಾಡಿ ಹತ್ರ ಒಂದು ಕಾಫಿ ಎಸ್ಟೇಟಿಗೆ ನಡ್ಕೊಂಡೇ ಹೋಗಿದ್ದಾನೆ. ಆಮೇಲೆ ಅವನ ಊರಿಗೆ ಹೋಗಿ ಮದ್ವೆಯಾಗಿ, ಸೈಕಲ್ ಅಂಗಡಿ ಇಟ್ಕೊಂಡು, ಎಂಬತ್ತೆಂಟನೇ ಇಸ್ವೀಲಿ ತೀರ್ಕೊಂಡ. ಅಲ್ಲಿನ ಪೇಪರಲ್ಲಿ ಬಂದಿದೆ. ಮಕ್ಕಳು, ಮೊಮ್ಮಕ್ಕಳು, ಎಲ್ಲಾ ಇದ್ದಾರೆ."

"ಮತ್ತೆ ಆ ಬೂಟು?"

"ಹಾರುವಾಗ ಕಾಲಿಂದ ಕಳಚ್ಕೊಂಡಿದ್ದು. ಒಂದು ಬೂಟು ಕಳೆದುಹೋಯ್ತು ಅಂತ ವರದೀಲಿ ಬರೆಸಿದ್ದಾನೆ."

"ನಮ್ ರಾಗಿ ಒಲ ಉರಿದೋದ್ದು ಬರ್ಸವ್ನಾ?"

ನಾನು ಶಾಹಿಸ್ತಾಳ ಮುಖ ನೋಡಿದೆ. ಶಾಹಿಸ್ತಾ ಮೊಬೈಲ್ ನೋಡಿದಳು. "ಇಲ್ಲ ಅಜ್ಜಿ. ಊರಿನವರಿಗೆ ಯಾವ ನಷ್ಟವೂ ಇಲ್ಲ ಅಂತಿದೆ."

ಮೊರ ಅಂಗಳಕ್ಕೆ ಹಾರಿತು. ಹುರುಳಿ ಚೆಲ್ಲಾಪಿಲ್ಲಿ. ಕೋಳಿಗಳಿಗೆ ಹಬ್ಬ.

"ಬೂಟಿಗೆ! ಬೂಟಿಗೆ ಎಡೆ ಇಕ್ಕಿದ್ದೀನಲ್ಲಾ ನಾನು! ಈ ಮನೆಗ್ ಬಂದಾಗಿಂದ ಒಪ್ಪತ್ತಿದ್ದು, ಸ್ನಾನ ಮಾಡಿ, ಬದುಕಿರೋನ್ಗೆ ಎಡೆ! ರೀ, ಬನ್ರೀ ಈಚ್ಗೆ! ನಿಮ್ಮಪ್ಪ ಮಾಡಿರ ಕೆಲ್ಸ ಕೇಳ್ಬನ್ರೀ!"

ತಾತ ಕೊಟ್ಟಿಗೆಯಿಂದ ಬಂದರು. "ಅಪ್ಪ ಬೇಕು ಅಂತ ಮಾಡುದ್ನಾ? ಬೂಟ್ ಸಿಕ್ತು, ಆಳು ಸಿಗ್ನಿಲ್ಲ. ಇನ್ನೇನ್ ಅಂದ್ಕೊಬೇಕಿತ್ತು?"

"ಅವನಾದ್ರೂ ಒಂದ್ ಮಾತು ಯೋಳಿ ಕಳಿಸ್ಬೌದಾಗಿತ್ತಲ್ಲ, ಆ ಹೆರಾಲ್ಡೋ ಗಿರಾಲ್ಡೋ! ನಾನ್ ಬದುಕಿವ್ನಿ ಕಣ್ರಪ್ಪ, ನನ್ ಬೂಟ್ ಕೊಡ್ರಪ್ಪ ಅಂತ!"

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ತಿರುಗಿದರು. ಅವರ ಕಣ್ಣು ತುಂಬಿಕೊಂಡಿತ್ತು.

"ನಗು ಕೂಸೇ, ನಗು. ನಮ್ಮವ್ವ ಇನ್ನೂ ಉಪಾಸ್ವ ಅವ್ಳೆ."

ಆಮೇಲೆ ಕೇಳಿದ್ದು ಯಾವ ದಾಖಲೆಯಲ್ಲೂ ಇಲ್ಲ. ಅಜ್ಜಿಯ ಅವ್ವ ಸಿದ್ದಲಿಂಗಮ್ಮ ಪಿರಿಯಾಪಟ್ಟಣದ ಹಾರನಹಳ್ಳಿಯವರು, ಹೊಗೆಸೊಪ್ಪು ಪೋಣಿಸುವ ಕೂಲಿ ಮಾಡಿ ಒಬ್ಬಳೇ ಮಗಳನ್ನು ಸಾಕಿದವರು. ಗಂಡುಮಕ್ಕಳಿಲ್ಲ. ಮಗಳ ಮದುವೆಯಾದ ಮರುವರ್ಷವೇ ತೀರಿಕೊಂಡರು. ಆ ಮಾರ್ಲಾಮಿಗೆ, ಹೊಸ ಸೊಸೆ ಸಾಕಮ್ಮ ಬೆಟ್ಟೇಗೌಡರ ಮುಂದೆ ನಿಂತು, ನಮ್ಮವ್ವನಿಗೂ ಒಂದು ಎಲೆ ಹಾಕಲಾ ಮಾವ ಎಂದು ಕೇಳಿದರು. "ಎಣ್ಣು ಕೊಟ್ಟೋರ್ಗೆ ಈ ಮನೇಲಿ ಎಲೆ ಇಲ್ಲ" ಎಂದರು ಮಾವ. ಹಾಗೆಂದವರು ಅದೇ ಬಾಯಲ್ಲಿ, ದೊರೆ ಎಲೆಗೆ ಬನ್ನು ಬಂತಾ ಎಂದು ಕೇಳಿದರು.

ಇಡೀ ಜೀವಮಾನ ಸಾಕಮ್ಮಜ್ಜಿ ನುಂಗಿಕೊಂಡಿದ್ದು ಇದನ್ನು. ಯಾರೋ ಆಕಾಶದಿಂದ ಬಿದ್ದವನಿಗೆ ಎಲೆಯುಂಟು, ಹೆತ್ತವಳಿಗಿಲ್ಲ. ಸತ್ತವನಲ್ಲವಾ ಪಾಪ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಬಡಿಸುತ್ತಿದ್ದರು. ಆ ಸಮಾಧಾನವನ್ನೂ ನಾವು ಕಿತ್ತುಕೊಂಡೆವು.

"ಈ ಸಲ ಕೊನೆ ಎಲೆ ನಮ್ಮವ್ವುಂದು" ಎಂದರು ಅಜ್ಜಿ.

"ಅದೆಂಗಾಯ್ತದೆ?" ತಾತ ಕೊಟ್ಟಿಗೆಯ ಕಡೆ ತಿರುಗಿ ನೋಡಿದರು. "ಈಗ ಸತ್ತೋಗವ್ನೆ ತಾನೇ? ಎಂಬತ್ತೆಂಟ್ರಿಂದ ಈಚ್ಗೆ ಇಕ್ಕಿರೋದೆಲ್ಲ ಸರಿಯಾಗೇ ಐತೆ. ಇಕ್ತಾ ಬಂದಿರೋ ಎಡೆ ನಿಲ್ಸುದ್ರೆ ಕೊಟ್ಗೆಗೆ ಆಗಾಕಿಲ್ಲ ಕಣೇ."

"ಅವನ್ಗೆ ಮಕ್ಳವ್ರೆ. ಅವ್ರು ಇಕ್ಲಿ. ನಮ್ಮವ್ವುಂಗೆ ನನ್ ಬುಟ್ರೆ ಯಾರವ್ರೆ?"

ಅಂದಿನಿಂದ ಹಬ್ಬದವರೆಗೆ ಅವರಿಬ್ಬರಲ್ಲಿ ಮಾತಿಲ್ಲ. ಎಚ್.ಡಿ. ಕೋಟೆಯಲ್ಲಿ ಹಬೀಬ್ ತಾತನಿಗೆ ವಿಷಯ ಹೇಳಿದಾಗ ಅವರು ಮೈದಾ ಹಿಟ್ಟಿನ ಕೈಯಲ್ಲೇ ಗಲ್ಲ ಉಜ್ಜಿಕೊಂಡು, "ನಮ್ ಅಬ್ಬಾ ಕಾಲದಿಂದ ಬದುಕಿರೋನಿಗೆ ಬನ್ ಕಳ್ಸಿದ್ವಾ? ಹೋಗ್ಲಿ ಬುಡು, ಬನ್ ತಿನ್ನೋಕೆ ಬದುಕಿದ್ರೇ ವಾಸಿ" ಎಂದರು. ಹೇಳಿ ನಕ್ಕವರು, ಹಬ್ಬದ ದಿನ ನಂಜುಂಡಸ್ವಾಮಿ ತಾತ ಬಂದು ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತಾಗ ನಗದೆ ಬನ್ನು ಕಟ್ಟಿಕೊಟ್ಟರು. ತಾತ ಹತ್ತಿದ ಬಸ್ಸಿಗೇ ನಾವೂ ಹತ್ತಿ ಅವರ ಹಿಂದೆಯೇ ಹೋದೆವು.

ನಡುಮನೆಯಲ್ಲಿ ಎಲೆಗಳ ಸಾಲು ಸಿದ್ಧವಾಗಿತ್ತು. ತಾತ ನೆಟ್ಟಗೆ ಹೋಗಿ ಕೊನೆಯ ಎಲೆಯ ಮೇಲೆ ಬನ್ನಿಟ್ಟರು. ಹಿತ್ತಾಳೆ ತಗಡನ್ನು ಗೋಡೆಗೆ ಒರಗಿಸಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಸಾಕಮ್ಮಜ್ಜಿ ಬಂದರು. ಕೈಯಲ್ಲಿ ಬದನೆಕಾಯಿ ಒಣಸೀಗಡಿ ಗೊಜ್ಜು, ಸೊಂಟದಲ್ಲಿ ಬಣ್ಣ ಹೋದ ಎಲೆಅಡಿಕೆ ಚೀಲ. ಸಿದ್ದಲಿಂಗಮ್ಮನದೆಂದು ಉಳಿದಿರುವುದು ಆ ಚೀಲ ಒಂದೇ.

ಅಜ್ಜಿ ಬಗ್ಗಿ, ತಗಡನ್ನು ಎತ್ತಿ ನನ್ನ ಕೈಗೆ ಹಾಕಿದರು. "ನೀನೇ ಮಡೀಕೋ. ನಿನ್ ಪ್ರಾಜೆಟ್ಟಿಗೆ." ಆ ಜಾಗದಲ್ಲಿ ಚೀಲ ಇಟ್ಟರು. ಗೊಜ್ಜು ಬಡಿಸಿದರು. ಬನ್ನು ಎತ್ತಿಕೊಂಡರು.

"ನಾನ್ ಕಾಯಿ ಒಡೆಯಾಕಿಲ್ಲ" ಎಂದರು ತಾತ.

"ಒಡೀಬ್ಯಾಡಿ."

ಆ ಮನೆಯಲ್ಲಿ ಅಲ್ಲಿಯವರೆಗೆ ಹೆಂಗಸರು ಎಡೆಗೆ ಕಾಯಿ ಒಡೆದದ್ದಿಲ್ಲ. ಅಜ್ಜಿ ಹೊಸ್ತಿಲ ಪಕ್ಕದ ಕಲ್ಲಿಗೆ ಒಂದೇ ಏಟು ಹಾಕಿದರು. ನೀರು ತಾತನ ಪಂಚೆಗೂ ಸಿಡಿಯಿತು. ಧೂಪ ಹಾಕಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲೆಳೆದುಕೊಂಡರು. ನೆಟ್ಟಗೆ ಕೊಟ್ಟಿಗೆಗೆ ನಡೆದು, ಬನ್ನನ್ನು ಮುರಿದು ಮುರಿದು ಸೀಮೆ ಹಸುವಿನ ಬಾಯಿಗಿಟ್ಟರು. ಹಸು ತಿಂದು, ಇನ್ನೂ ಇದೆಯಾ ಎಂದು ಅವರ ಸೆರಗನ್ನು ಮೂಸಿತು.

"ನೋಡ್ಕಳ್ರೀ, ಕೊಟ್ಗೆಗೆ ಏನಾಯ್ತದೋ!"

ಏನೂ ಆಗಲಿಲ್ಲ. ನಾವು ಜಗಲಿಯಲ್ಲಿ ಕುಳಿತೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಹಿರಿಯರು ಉಂಡು ಎಡೆ ಏಳುವ ತನಕ ಯಾರೂ ತಿನ್ನುವಂತಿಲ್ಲ. ಬಾಗಿಲನ್ನು ಯಾವಾಗಲೂ ಸ್ವಲ್ಪ ಹೊತ್ತಿಗೇ ತೆಗೆಯುತ್ತಿದ್ದರಂತೆ; ಅಂದು ಅಜ್ಜಿ ಅದಕ್ಕೆ ಬೆನ್ನು ಕೊಟ್ಟು ಕುಳಿತುಬಿಟ್ಟಿದ್ದರು. ಕೊನೆಗೆ ತಾತನೇ ಎದ್ದು ಬಾಗಿಲ ಹತ್ತಿರ ಬಂದರು.

"ಲೇ, ತೆಗೀಲೇನೇ ಬಾಗ್ಲ?"

"ಸುಮ್ಕೆ ಕುಂತ್ಕಳ್ರೀ" ಎಂದು ಗದರಿದರು ಸಾಕಮ್ಮಜ್ಜಿ. "ನಮ್ಮವ್ವುಂಗೆ ಹಲ್ಲಿಲ್ಲ. ನಿಧಾನಕ್ ಉಣ್ತಾಳೆ."