ಚಿಕ್ಕಮ್ಮನ ಮೈಬಣ್ಣ

ನನ್ನ ಚಿಕ್ಕಮ್ಮ ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದವಳು. ಅವಳು ಒಗೆದ ಬಟ್ಟೆಯ ಮೇಲೆ ಅರ್ಧ ಊರೇ ಮಲಗಿ ಗುಣವಾಗಿ ಎದ್ದುಹೋಗಿದೆ. ಅವಳ ಮುಖ ಕಂಡವರು ಒಬ್ಬರೂ ಇಲ್ಲ. ಕಡಲಾಚೆಯ ನಾಡಿನಿಂದ ಹಡಗಿನಲ್ಲಿ ಬಂದಿಳಿದ ಅಜ್ಜನ ಕಡುಗಪ್ಪು ಬಣ್ಣ, ಗುಂಗುರು ಕೂದಲು. ಇಲ್ಲಿಯವಳೇ ಆದ ಅಜ್ಜಿಯ ಅಗಲ ಭುಜ, ಹರಿತ ನಾಲಿಗೆ. ಎರಡು ನಾಡು ಒಂದೇ ಮೈಯಲ್ಲಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿದ್ದವು.

ಅವಳ ಮಗನಿದ್ದಾನಲ್ಲ, ಫೋಟೊ ಸ್ಟುಡಿಯೊ ಇಟ್ಟಿರುವ ಮಹಾನುಭಾವ, ಅವನಿಗೆ ಮಾತ್ರ ಅಜ್ಜನ ಸುದ್ದಿ ಎತ್ತಿದರೆ ಮೈಯೆಲ್ಲ ಉರಿ. ಮದುವೆ ಹೆಣ್ಣುಗಳಿಗೆಲ್ಲ ಸುಣ್ಣ ಬಳಿಯುವುದೇ ಅವನ ಕಸುಬು. ಹೆತ್ತ ತಾಯಿಯನ್ನೂ ಬಿಟ್ಟಿಲ್ಲ. ಅವಳ ಫೋಟೊವನ್ನು ಬೆಳ್ಳಗೆ ಮಾಡಿ, ಸೊಂಟ ಸಣ್ಣ ಮಾಡಿ, ಕೂದಲು ನೆಟ್ಟಗೆ ಮಾಡಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ.

"ಯಾರೇ ಇವಳು?" ಎಂದು ಚಿಕ್ಕಮ್ಮ ನನ್ನನ್ನು ಕೇಳಿದ್ದಳು.

ನಾನು ಹೆಂಗಸರ ಮೈಯ ಚಿತ್ರವನ್ನು ಮುಚ್ಚುಮರೆಯಿಲ್ಲದೆ ಬರೆಯುವವಳು. ಆಸ್ಪತ್ರೆಯ ಕೆಲಸ ಬಿಟ್ಟ ವಾರವೇ ಚಿಕ್ಕಮ್ಮ ನನ್ನ ಕೋಣೆಗೆ ಬಂದಳು.

"ನನ್ನೂ ಬರಿಯೇ. ಮುಖ ಬೇಡ, ಅದನ್ನ ಅವನೇ ಹಾಳು ಮಾಡಿದಾನೆ. ಸಾಯೋದ್ರೊಳಗೆ ಒಂದ್ಸಲ ನಾನು ನಾನಾಗೇ ಗೋಡೆ ಮೇಲಿರ್ಬೇಕು."

ಹೊಟ್ಟೆಯ ಮಡಿಕೆ, ಸೋಪಿಗೆ ಸವೆದ ಕೈ, ಹೆರಿಗೆ ಆಪರೇಷನ್ನಿನ ಹೊಲಿಗೆ, ಒಂದನ್ನೂ ಬಿಡಗೊಡಲಿಲ್ಲ. ತೊಡೆಯನ್ನು ಒಂಚೂರು ಸಣ್ಣ ಮಾಡಿದ್ದಕ್ಕೆ, "ನೀನೂ ಸ್ಟುಡಿಯೊ ಇಡ್ತೀಯೇನೇ?" ಎಂದು ಛೀಮಾರಿ ಹಾಕಿದಳು. ತೆಪ್ಪಗೆ ತಿದ್ದಿದೆ.

ನನ್ನ ಪ್ರದರ್ಶನದಲ್ಲಿ ಎರಡು ಚಿತ್ರ ಅಕ್ಕಪಕ್ಕ ತೂಗುತ್ತಿದ್ದವು. ಒಂದು ಚಿಕ್ಕಮ್ಮನದು, ಇನ್ನೊಂದು ನೃತ್ಯ ಕಲಿಸುವ ಬೆಳ್ಳನೆಯ ತೆಳು ಹುಡುಗಿಯದು. ಇಬ್ಬರೂ ಒದ್ದೆ ತಲೆಗೆ ಟವೆಲ್ ಹೊದ್ದವರು, ಮುಖ ಕಾಣದು. ಹೇಗೋ ಸುದ್ದಿ ತಿಳಿದು ಮಗ ಹಾರಿಬಂದ.

"ನಮ್ಮಮ್ಮನ ಚಿತ್ರ ಇಳಿಸಿ! ಇಲ್ದಿದ್ರೆ ಅವಳು ನಮ್ಮನೆ ಹೊಸಲು ತುಳಿಯೋದು ಬೇಡ!"

ಚಿಕ್ಕಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಅವಳಿಗೆ ಇರುವುದು ಅದೊಂದೇ ಮನೆ. ಗ್ಯಾಲರಿಯವನೋ ಶುದ್ಧ ಪುಕ್ಕಲ.

"ಯಾವುದು ಅಂತ ತೋರಿಸಿ ಸಾರ್, ಈಗಲೇ ಇಳಿಸ್ತೀನಿ" ಎಂದ.

ಮಗ ಎರಡನ್ನೂ ನೋಡಿದ. ತಾನು ಹೊರಬಂದ ಹೊಲಿಗೆಯ ಮುಂದೆ ಅರೆಗಳಿಗೆಯೂ ನಿಲ್ಲದೆ ನೃತ್ಯದ ಹುಡುಗಿಗೆ ಬೆರಳು ಮಾಡಿದ.

"ಇದೇ! ಹೆತ್ತಮ್ಮನ ಗುರುತು ನನಗೆ ಸಿಗಲ್ವಾ?"

ಇಳಿಸಿಕೊಟ್ಟದ್ದನ್ನು ಕಂಕುಳಲ್ಲಿ ಇರುಕಿಕೊಂಡು, ಮಾನ ಉಳಿಸಿಕೊಂಡವನ ಹಾಗೆ ಹೊರಟೇಹೋದ. ನಗು ಬರಬೇಕಿತ್ತು, ನನಗೆ ಅಳು ಬಂತು. ಚಿಕ್ಕಮ್ಮ ಎದ್ದು ತನ್ನ ಚಿತ್ರದ ಮುಂದೆ ಹೋಗಿ ನಿಂತಳು.

"ಅವನಮ್ಮ ಅವನ ಜೊತೆ ಹೋದ್ಲು" ಎಂದಳು. "ನಾನು ನಿನ್ನ ಮನೆಗೆ ಬರ್ತೀನಿ ಕಣೇ."