ಗೋಣಿ ಪರದೆ ಸರಿಸಿದವರು

ಹಸುವಿನ ವಿಷಯದಲ್ಲಿ ನಮ್ಮಮ್ಮನ ಮುಂದೆ ಯಾರ ಮಾತೂ ನಡೆಯುತ್ತಿರಲಿಲ್ಲ. ಆಗ ಕೆಂಗೇರಿ ಪಕ್ಕದ ನಮ್ಮ ಉಲ್ಲಾಳದಲ್ಲಿ ಬಡಾವಣೆಗಳು ಏಳುತ್ತಿದ್ದವು, ದನ ಮೇಯುವ ಜಾಗ ಕಡಿಮೆಯಾಗುತ್ತಿತ್ತು, ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅಂಥದ್ದೊಂದು ಏಪ್ರಿಲ್‌ನಲ್ಲಿ ನಮ್ಮ ಸೀಮೆ ಹಸು ಕರು ಹಾಕಿತು. ಅದರ ಕೆಚ್ಚಲ ಮೇಲೆ ಬೀದಿಯವರ ಕಣ್ಣು ಬೀಳಬಾರದೆಂದು ಅಮ್ಮ ತಗಡಿನ ಕೊಟ್ಟಿಗೆಯ ಸುತ್ತ ಗೋಣಿ ಪರದೆ ಬಿಗಿದಳು.

ವಾರದೊಳಗೆ ಹಸು ಮೇವು ಬಿಟ್ಟಿತು. ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು, ಹಾಲು ಅರ್ಧಕ್ಕರ್ಧ ಇಳಿಯಿತು. ಅಮ್ಮ ದೃಷ್ಟಿ ತೆಗೆದಳು. ಸಾಲದೆಂದು ಇನ್ನೆರಡು ಗೋಣಿ ಕಟ್ಟಿದಳು. ದನದ ಡಾಕ್ಟರು ಬಂದವರು, "ಶಾಖ ತಡೀತಿಲ್ಲಮ್ಮ, ಹೀಗೇ ಆದ್ರೆ ಉಳಿಯಲ್ಲ" ಅಂದರು. ಪರದೆ ಬಿಚ್ಚೋಣವೆಂದು ನಾನು ಹೇಳಿದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ.

ಅದೇ ಹೊತ್ತಿಗೆ ನಮ್ಮ ಹಾಲಿನ ಸಂಘಕ್ಕೆ ವಿಜಾಪುರದ ಕಡೆಯ ಸಂಘದ ಹೆಂಗಸರು ಬಂದರು. ಸುಡುಬಿಸಿಲಲ್ಲಿ ದನ ಸಾಕುವುದನ್ನು ಅವರು ನಮಗೆ ಕಲಿಸುವುದು, ಹಸಿ ಜೋಳವನ್ನು ಗುಂಡಿಯಲ್ಲಿ ತುಳಿದು ಬೇಸಿಗೆಗೆ ಕಾಪಿಡುವುದನ್ನು ನಾವು ಅವರಿಗೆ ಕಲಿಸುವುದು ಎಂದು ಒಪ್ಪಂದವಾಗಿತ್ತು. ಅವರಲ್ಲೊಬ್ಬರು ನಮ್ಮ ಮನೆಯಲ್ಲಿ ಇಳಿದುಕೊಂಡರು. ಕೈಕಾಲು ತೊಳೆಯುವ ಮೊದಲೇ ಸೀದಾ ಹೋಗಿ ಪರದೆ ಸರಿಸಿದರು.

"ಯಾರನ್ನೂ ಒಳಗೆ ಬಿಡಲ್ಲ ಕಣ್ರೀ, ದೃಷ್ಟಿ ಆಗಿದೆ" ಅಂದಳು ಅಮ್ಮ, ಮುಖ ಗಂಟು ಹಾಕಿಕೊಂಡು.

"ದೃಷ್ಟಿ ಆದ್ರ ಉಪ್ಪು ನಿವಾಳಿಸ್ತೀರಿ ಯಕ್ಕಾ. ಈ ಧಗಿಗೆ ಏನ್ ನಿವಾಳಿಸ್ತೀರಿ?"

ಅಮ್ಮ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ನನಗೋ ಒಳಗೊಳಗೇ ಖುಷಿ.

ಅವರು ಗೋಣಿಗಳನ್ನೆಲ್ಲ ಬಿಚ್ಚಿ, ನೀರಲ್ಲಿ ನೆನೆಸಿ, ತಗಡಿನ ಮೇಲೆ ಹಾಸಿಸಿದರು. ಸುದ್ದಿ ಕೇಳಿ ಕೆಂಗೇರಿ ಕಡೆಯ ಸಂಘದವರು ಒಂದು ಗಾಡಿ ರಾಗಿಹುಲ್ಲು ತಂದು ಮಾಡಿಗೆ ಹೊದಿಸಿಕೊಟ್ಟರು. ಮೇವು ನಸುಕಿನಲ್ಲಿ ಮತ್ತು ಹೊತ್ತು ಇಳಿದ ಮೇಲೆ ಮಾತ್ರ, ನೀರು ದಿನವಿಡೀ. ಅಷ್ಟೂ ಜನ ಬಂದು ಹೋಗಿ ಹಸುವನ್ನು ನೋಡಿದರು. ಅಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಳು. ಮೂರನೇ ದಿನ ಹಸು ಮೆಲುಕು ಹಾಕಿತು. ಅದನ್ನು ನೋಡಿ ಅಮ್ಮ ಕಂಬ ಹಿಡಿದು ಅತ್ತಳು, ನಾನೂ ಅತ್ತೆ. ಅವರೆಲ್ಲರ ಋಣ ನಮ್ಮ ಮನೆಯ ಮೇಲಿದೆ.

ನಮ್ಮ ಮನೆಯಲ್ಲಿದ್ದ ವಿಜಾಪುರದವರು ಹೊರಟ ದಿನ ಬುತ್ತಿ ಹಿಡಿದು ಬಸ್ಸಿನವರೆಗೆ ಹೋದೆವು. "ನಿಮ್ಮನೆ ಹಸುಗಳು ಪುಣ್ಯ ಮಾಡಿವೆ ಬಿಡಿ. ಎಷ್ಟಿವೆ?" ಎಂದು ಅಮ್ಮ ಕೇಳಿದಳು.

"ಈಗ ಒಂದೂ ಇಲ್ರಿ ಯಕ್ಕಾ. ಎರಡಿದ್ವು, ಹ್ವಾದ ಬ್ಯಾಸಗ್ಯಾಗ ಧಗಿಗೆ ಸತ್ತು ಹ್ವಾದ್ವು. ಇದನ್ನೆಲ್ಲ ನಾ ಕಲ್ತದ್ದು ಅವು ಹ್ವಾದ ಮ್ಯಾಲ."

ಅಮ್ಮ ಬುತ್ತಿಯನ್ನು ನನ್ನ ಕೈಗೆ ಕೊಟ್ಟು, ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ, ಅವಳು ಬಿಡಲಿಲ್ಲ.